ಊರು ಬಿಟ್ಟವರ ತಟ್ಟೆ: ಜೊತೆಗೆ ಬಂದ ತಿನಿಸು, ಊರಲ್ಲೇ ಉಳಿದ ತಿನಿಸು

ನೌಕರಿ, ವ್ಯಾಪಾರ, ವಿದ್ಯಾಭ್ಯಾಸಗಳ ನಿಮಿತ್ತ ಹುಟ್ಟೂರು ಬಿಟ್ಟು ಬಂದವರು ಒಂದೆಡೆ ಸೇರಿ ಊರಿನ ಸುದ್ದಿ ತೆಗೆದರೆ ಮಾತು ಬೇಗನೆ ಊಟದ ಕಡೆಗೆ ಹೊರಳುತ್ತದೆ. ಕಲಬುರಗಿಯವರಿಗೆ ಬಿಸಿ ರೊಟ್ಟಿ ಮತ್ತು ಪುಂಡಿಪಲ್ಯೆ, ಉಡುಪಿಯವರಿಗೆ ಪತ್ರೊಡೆ, ಶಿರಸಿಯವರಿಗೆ ಅಪ್ಪೆಮಿಡಿ, ಮಡಿಕೇರಿಯವರಿಗೆ ಕಳಲೆ, ಕೋಲಾರದವರಿಗೆ ಸೊಗಡಿನ ಅವರೆ. ಇವುಗಳಲ್ಲಿ ಹಲವು ಇಂದು ಬೆಂಗಳೂರಿನಲ್ಲಿ ಹೆಸರಿಗೆ ಸಿಗುತ್ತವೆ. ಆದರೂ ‘ಊರಿನ ಹಾಗಿಲ್ಲ’ ಎಂಬ ಮಾತು ತಪ್ಪುವುದಿಲ್ಲ.

ಇದನ್ನು ಬರಿಯ ತವರಿನ ಹಂಬಲವೆಂದು ತಳ್ಳಿಹಾಕುವವರಿದ್ದಾರೆ. ಹಂಬಲ ಇರುವುದು ನಿಜ. ಆದರೆ ಈ ದೂರಿನಲ್ಲಿ ಬಹುಪಾಲು ಸತ್ಯವೂ ಇದೆ. ಹಿಟ್ಟು ಎಷ್ಟು ಹಳೆಯದು, ಎಲೆ ಯಾವ ತಿಂಗಳಿನದು, ಕಾಳು ಯಾವ ಹೊಲದ್ದು, ರೊಟ್ಟಿ ಬಡಿದ ಕೈ ಎಷ್ಟು ಪಳಗಿದ್ದು ಎಂಬುದರ ಮೇಲೆ ರುಚಿ ಬದಲಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಬಾಳಿಕೆ ಬರುವ ತಿನಿಸು ಜನರ ಜೊತೆ ಪ್ರಯಾಣ ಮಾಡಿದೆ. ಒಂದು ದಿನಕ್ಕೆ, ಒಂದು ಋತುವಿಗೆ, ಒಂದು ನೆಲಕ್ಕೆ ಕಟ್ಟುಬಿದ್ದ ತಿನಿಸು ಊರಲ್ಲೇ ಉಳಿದಿದೆ. ಹಾಗೆ ಉಳಿದದ್ದು ಊರಿನಲ್ಲಾದರೂ ಕ್ಷೇಮವಾಗಿದೆಯೇ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ.

ಬುತ್ತಿಯ ಅಳತೆ

ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಕೋಣೆ ಹಿಡಿದು ಓದುವ ಹಳ್ಳಿಯ ವಿದ್ಯಾರ್ಥಿಗಳಿಗೆ ಮನೆಯವರು ಬೆಳಗಿನ ಬಸ್ಸಿಗೆ ಬುತ್ತಿ ಕಳಿಸುವ ಪದ್ಧತಿ ಬಹುಕಾಲದ್ದು. ಡಬ್ಬಿಯ ಮೇಲೆ ಹೆಸರು ಬರೆದು ಚಾಲಕ, ನಿರ್ವಾಹಕರ ಕೈಗೆ ಒಪ್ಪಿಸಿದರೆ ಮಧ್ಯಾಹ್ನದೊಳಗೆ ಅದು ನಿಲ್ದಾಣ ತಲುಪುತ್ತದೆ. ಖಾಲಿ ಡಬ್ಬಿ ಮರಳಿ ಊರಿಗೆ ಹೋಗುತ್ತದೆ. ಈ ದೂರದವರೆಗೆ ಊರಿನ ಅಡುಗೆ ಊರಿನದೇ ಆಗಿರುತ್ತದೆ.

ಕಲಬುರಗಿಯಿಂದ ಬೆಂಗಳೂರಿಗೆ ಸುಮಾರು 600 ಕಿ.ಮೀ. ಅಲ್ಲಿಗೆ ಬುತ್ತಿ ನಡೆಯದು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ಮೇಲೆ ಉತ್ತರದ ಜಿಲ್ಲೆಗಳವರಿಗೂ ಬೆಂಗಳೂರೇ ರಾಜಧಾನಿಯಾಯಿತು. ಕಚೇರಿ ಕೆಲಸ, ಓದು, ನಂತರ ಕಟ್ಟಡದ ಕೂಲಿ ಮತ್ತು ಸಾಫ್ಟ್‌ವೇರ್ ಉದ್ಯೋಗ ಅರಸಿ ಜನ ಬಂದರು. ಅವರೊಡನೆ ಬಂದದ್ದು ರಾತ್ರಿಯ ಪ್ರಯಾಣ ತಡೆಯುವ ಪದಾರ್ಥಗಳು: ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕೆಂಪು ಖಾರ, ಧಾರವಾಡ ಪೇಡೆ, ಗೋಕಾಕದ ಕರದಂಟು, ಬೆಳಗಾವಿಯ ಕುಂದಾ. ಇವುಗಳಲ್ಲಿ ಹೆಚ್ಚಿನವು ನೀರಿನಂಶ ಕಳೆದವು, ಇಲ್ಲವೆ ಉಪ್ಪು, ಎಣ್ಣೆ, ಸಕ್ಕರೆ, ಬೆಲ್ಲಗಳ ಬಲದಿಂದ ಕೆಡದೆ ಉಳಿಯುವಂಥವು.

ಉಡುಪಿಯ ಉದಾಹರಣೆ

ಅಡುಗೆಯನ್ನು ಜೊತೆಗೆ ಕೊಂಡೊಯ್ದವರೆಂದರೆ ಮೊದಲು ನೆನಪಾಗುವವರು ಕರಾವಳಿಯವರು. ಬೆಂಗಳೂರಿನ ಮಾವಳ್ಳಿ ಟಿಫನ್ ರೂಮ್ಸ್ 1924ರಲ್ಲಿ ಆರಂಭವಾಯಿತು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕ್ ಅವರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಮದರಾಸಿನಲ್ಲಿ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಮನೆಮಾತಾಯಿತು. ‘ಉಡುಪಿ ಹೋಟೆಲ್’ ಎಂಬುದು ದೇಶದಲ್ಲೆಲ್ಲ ಸಸ್ಯಾಹಾರಿ ಉಪಾಹಾರಕ್ಕೆ ಪರ್ಯಾಯ ಪದವಾಯಿತು.

ಆದರೆ ಈ ಹೋಟೆಲುಗಳ ಮೂಲಕ ಲೋಕಪ್ರಿಯವಾದದ್ದು ದೋಸೆ, ಇಡ್ಲಿ, ವಡೆ, ಸಾಂಬಾರು. ಅಕ್ಕಿ, ಉದ್ದು, ತೊಗರಿ ಎಲ್ಲ ಊರಿನಲ್ಲೂ ಸಿಗುವ ಸಾಮಗ್ರಿ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ, ಮಟ್ಟುಗುಳ್ಳದ ಹುಳಿ ಮೊದಲಾದವು ದಿನನಿತ್ಯದ ತಿಂಡಿಪಟ್ಟಿಗೆ ಏರಲಿಲ್ಲ. ಉಡುಪಿ ಸಮೀಪದ ಮಟ್ಟು ಗ್ರಾಮದ ಈ ಹಸಿರು ಗುಂಡುಬದನೆಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ವಾದಿರಾಜ ಸ್ವಾಮಿಗಳ ಹೆಸರಿನೊಡನೆ ಬೆಸೆದುಕೊಂಡ, ಕೃಷ್ಣಮಠದ ಪರ್ಯಾಯದ ಅಡುಗೆಯಲ್ಲಿ ಸ್ಥಾನ ಪಡೆದ ತರಕಾರಿ ಅದು. ಉಡುಪಿಯ ಹೆಸರು ಜಗತ್ತು ಸುತ್ತಿತು; ಉಡುಪಿಯ ಮನೆಯಡುಗೆ ಅಷ್ಟು ದೂರ ಹೋಗಲಿಲ್ಲ.

ರೊಟ್ಟಿಯ ಜಿಗಿ

ಬಿಸಿ ಜೋಳದ ರೊಟ್ಟಿ ದೂರದ ಊರಿನಲ್ಲಿ ಏಕೆ ಕೈಕೊಡುತ್ತದೆ ಎಂಬುದಕ್ಕೆ ಸ್ಪಷ್ಟ ಕಾರಣವಿದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಆದ್ದರಿಂದಲೇ ಹಿಟ್ಟಿಗೆ ಎಸರು, ಅಂದರೆ ಕುದಿಯುವ ನೀರು, ಹಾಕಿ ನಾದಬೇಕು. ಬಿಸಿನೀರಿಗೆ ಪಿಷ್ಟ ಅರೆಬೆಂದು ಹಿಟ್ಟಿಗೆ ಜಿಗಿ ಬರುತ್ತದೆ. ಆ ಜಿಗಿಯ ಬಲದ ಮೇಲೆಯೇ ಹಿಟ್ಟಿನ ಉಂಡೆ ಹರಿಯದೆ ತೆಳ್ಳಗೆ ತಟ್ಟಿಸಿಕೊಳ್ಳುತ್ತದೆ. ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ನೀರು ಸವರಿ, ಹದವರಿತು ಮಗುಚಿದರೆ ಉಬ್ಬುತ್ತದೆ.

ಬೀಸಿದ ಹಿಟ್ಟು ಹಳೆಯದಾದಂತೆ ಜಿಗಿ ಕಡಿಮೆಯಾಗುತ್ತದೆ. ಕಾಳಿನ ಕೊಬ್ಬಿನಂಶ ಮುಗ್ಗಿ ಕಹಿ ವಾಸನೆ ಬರುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ವಾರಕ್ಕೆ ಬೇಕಾದಷ್ಟೇ ಜೋಳ ಹಸನು ಮಾಡಿ ಗಿರಣಿಗೆ ಕಳಿಸುವುದು ಇದೇ ಕಾರಣಕ್ಕೆ. ನಗರದ ಅಂಗಡಿಯ ಪೊಟ್ಟಣ ಬೀಸಿ ಎಷ್ಟೋ ವಾರಗಳಾದ ಮೇಲೆ ಕೈಗೆ ಬರುತ್ತದೆ. ಅಂಥ ಹಿಟ್ಟಿಗೆ ಗೋಧಿ ಹಿಟ್ಟು ಬೆರೆಸಿ ಲಟ್ಟಿಸಿದ ರೊಟ್ಟಿ ನೋಡಲು ರೊಟ್ಟಿಯಂತಿದ್ದರೂ ಬಾಯಿಗೆ ಬೇರೆಯಾಗಿರುತ್ತದೆ.

ಕಾಳಿನಲ್ಲಿಯೂ ಭೇದವಿದೆ. ಬಿಜಾಪುರ ಸೀಮೆ, ಕಲಬುರಗಿ ಮತ್ತು ಕನ್ನಡ ಮಾತು ಇಂದಿಗೂ ಉಳಿದಿರುವ ಸೊಲ್ಲಾಪುರ, ಅಕ್ಕಲಕೋಟೆಗಳ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಮುಖ್ಯ ಬೆಳೆ. ಮಳೆ ಹಿಂದೆ ಸರಿಯುವ ಕಾಲಕ್ಕೆ ಬಿತ್ತಿ, ನೆಲದೊಳಗಿನ ಹಸಿ ಮತ್ತು ಚಳಿಯ ಮೇಲೆ ಬೆಳೆದು, ಫೆಬ್ರುವರಿ–ಮಾರ್ಚ್‌ನಲ್ಲಿ ರಾಶಿಯಾಗುವ ಬೆಳೆ ಅದು. ‘ಮಾಲದಂಡಿ’ ಎಂದು ಹೆಸರಾದ ಎಂ 35-1 ತಳಿಯ ದುಂಡನೆಯ ಹೊಳಪಿನ ಕಾಳನ್ನು ರೊಟ್ಟಿಗೆ ಉತ್ತಮವೆಂದು ಜನ ಇಂದಿಗೂ ಹುಡುಕಿ ಒಯ್ಯುತ್ತಾರೆ. 1964ರಲ್ಲಿ ಸಿಎಸ್‌ಎಚ್-1 ಬಂದ ಮೇಲೆ ಮುಂಗಾರಿನಲ್ಲಿ ಹೈಬ್ರಿಡ್ ಜೋಳ ಹರಡಿತು. ಇಳುವರಿ ಹೆಚ್ಚಿತು, ಆದರೆ ರಾಶಿಯ ಹೊತ್ತಿಗೆ ಮಳೆ ಸಿಕ್ಕರೆ ಕಾಳು ಕಪ್ಪಾಗುತ್ತದೆ, ರೊಟ್ಟಿಗೆ ಹಿಂಗಾರಿಯ ರುಚಿ ಬರುವುದಿಲ್ಲ.

ಹಿಂಗಾರಿ ಜೋಳದ ಹೊಲವೂ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಆಳೆತ್ತರದ ದಂಟು ದನಕರುಗಳಿಗೆ ಮೇವಾಗುತ್ತಿತ್ತು. ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದ ಮೇಲೆ ಮೇವಿಗಾಗಿ ಜೋಳ ಬಿತ್ತುವ ಅಗತ್ಯ ಕುಗ್ಗಿತು. ಕೈಯಿಂದ ಕಿತ್ತು, ತೆನೆ ಮುರಿದು, ರಾಶಿ ಮಾಡುವ ಕೆಲಸಕ್ಕೆ ಆಳು ಸಿಗುವುದು ಕಷ್ಟವಾಯಿತು. ಕಡಲೆ, ತೊಗರಿ, ಹತ್ತಿ, ನೀರಿದ್ದಲ್ಲಿ ಕಬ್ಬು ಆ ಜಾಗ ಹಿಡಿದವು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬಡವರ ಹಸಿವು ನೀಗಿತು; ಅದರೊಡನೆ ಅಕ್ಕಿ ರೊಟ್ಟಿಯ ಸೀಮೆಯ ಮನೆಗಳ ತಟ್ಟೆಯಲ್ಲೂ ಇನ್ನಷ್ಟು ಜಾಗ ಪಡೆಯಿತು.

ಇದಕ್ಕೆ ಪ್ರತಿಯಾಗಿ ಕಡಕ್ ರೊಟ್ಟಿ ಬೆಳೆದ ಬಗೆ ಗಮನಾರ್ಹ. ಅದು ಹೊಸದಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲ ಹಳ್ಳಿಗಳ ಮನೆಮನೆಗಳಿಂದ ಲಕ್ಷಾಂತರ ರೊಟ್ಟಿ ಬರುವುದು ಪ್ರತಿವರ್ಷದ ದೃಶ್ಯ. ಈಗ ಅದೇ ರೊಟ್ಟಿ ಉಪಜೀವನವೂ ಆಗಿದೆ. ಕಲಬುರಗಿಯ ಸ್ವಸಹಾಯ ಗುಂಪುಗಳ ಮಹಿಳೆಯರು ತಯಾರಿಸುವ ಜೋಳದ ರೊಟ್ಟಿಯನ್ನು ಪ್ರಧಾನಿಯವರು 2025ರ ಜೂನ್‌ನ ‘ಮನ್ ಕೀ ಬಾತ್’ನಲ್ಲಿ ಪ್ರಸ್ತಾಪಿಸಿದರು. ಊರು ಬಿಟ್ಟವರ ಹಂಬಲ ಊರಲ್ಲಿದ್ದವರಿಗೆ ದುಡಿಮೆ ಕೊಟ್ಟಿರುವ ಒಳ್ಳೆಯ ನಿದರ್ಶನವಿದು.

ಸೀತನಿಯ ಕೆಲವೇ ದಿನ

ಅದೇ ಜೋಳದ ಹೊಲದ ಇನ್ನೊಂದು ತಿನಿಸು ಇಂದಿಗೂ ಹೊಲ ಬಿಟ್ಟು ಹೊರಬರಲಾಗಿಲ್ಲ. ಕಾಳು ಹಾಲುಗಟ್ಟಿ ಇನ್ನೂ ಗಟ್ಟಿಯಾಗದ ಹಂತದಲ್ಲಿ ತೆನೆ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ತಿಕ್ಕಿ ಉದುರಿಸಿದ ಕಾಳೇ ಸೀತನಿ. ಬೆಲ್ಲ ಅಥವಾ ಶೇಂಗಾ ಚಟ್ನಿಯ ಜೊತೆ ಹೊಲದಲ್ಲೇ ಕೂತು ತಿನ್ನುವುದು ವಾಡಿಕೆ. ಒಂದು ಹೊಲದಲ್ಲಿ ಈ ಹದ ಕೆಲವೇ ದಿನ ಇರುತ್ತದೆ. ತೆನೆ ಮುರಿದ ಮೇಲೆ ಕಾಳಿನ ಸಿಹಿಯೂ ಬೇಗ ಇಳಿಯುತ್ತದೆ. ಬಸ್ಸಿನ ಮೇಲೆ ಹಾಕಿ ಕಳಿಸಿದರೆ ತಲುಪುವುದು ತೆನೆ ಮಾತ್ರ, ಸೀತನಿಯಲ್ಲ.

ಎಳ್ಳ ಅಮಾವಾಸ್ಯೆಯ ಊಟವೂ ಹೀಗೆಯೇ. ಅಂದು ಬಂಡಿ ಕಟ್ಟಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬಂಧುಬಳಗದೊಡನೆ ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯೆ, ಶೇಂಗಾ ಹೋಳಿಗೆ ಇರುತ್ತವೆ. ಬೀದರ, ಕಲಬುರಗಿಗಳಲ್ಲಿ ಹಸಿ ಕಾಳು, ಸೊಪ್ಪು, ಕಾಯಿಪಲ್ಯೆಗಳನ್ನು ಕಡಲೆ ಹಿಟ್ಟಿನೊಡನೆ ಕುದಿಸಿದ ಭಜ್ಜಿ ಮತ್ತು ಮಡಕೆಯ ಅಂಬಲಿ ಇಲ್ಲದೆ ಹಬ್ಬವೇ ಇಲ್ಲ. ಬೆಂಗಳೂರಿನ ಖಾನಾವಳಿಗಳಲ್ಲಿ ಎಣ್ಣೆಗಾಯಿ ಸಿಗುತ್ತದೆ. ಚರಗ ಚೆಲ್ಲುವ ಹೊಲ ಸಿಗುವುದಿಲ್ಲ.

ಮಳೆಗಾಲದ ಅಡುಗೆಗಳು

ಬಯಲಿನಲ್ಲಿ ಚಳಿಗಾಲದ ಮಾತಾದರೆ, ಘಟ್ಟ ಮತ್ತು ಕರಾವಳಿಯಲ್ಲಿ ಊರಿನ ನೆನಪು ಹೆಚ್ಚು ಕಾಡುವುದು ಮಳೆಗಾಲದಲ್ಲಿ. ಪತ್ರೊಡೆಗೆ ಬೇಕಾದ ಕೆಸುವಿನ ಎಲೆ ಆಗಲೇ ಎಳೆಯದಾಗಿ, ಅಗಲವಾಗಿ ಬೆಳೆಯುತ್ತದೆ. ಮರದ ಮೇಲೆ ಬೆಳೆಯುವ ಮರಕೆಸುವಿಗಂತೂ ಮಳೆಯೇ ಆಧಾರ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂತಹ ಹರಳುಗಳಿರುವುದರಿಂದ ಗಂಟಲು ತುರಿಸುತ್ತದೆ. ಹುಣಸೆಹುಳಿ ಹಾಕಿದ ಅಕ್ಕಿಯ ಹಿಟ್ಟು ಸವರಿ, ಸುರುಳಿ ಸುತ್ತಿ, ದೀರ್ಘಕಾಲ ಹಬೆಯಲ್ಲಿ ಬೇಯಿಸುವ ಕ್ರಮದಲ್ಲಿ ಈ ತುರಿಕೆಗೆ ಪರಿಹಾರವೂ ಅಡಗಿದೆ. ಯಾವ ಕೆಸು ತುರಿಸುತ್ತದೆ, ಯಾವುದು ಇಲ್ಲ ಎಂಬುದು ಮಾತ್ರ ಹಿತ್ತಿಲು ಬಲ್ಲವರಿಗೆ ಗೊತ್ತು.

ಕಳಲೆಯೆಂದರೆ ಮಳೆಗೆ ಮೊಳೆಯುವ ಎಳೆ ಬಿದಿರು. ಹಸಿಯಾಗಿರುವಾಗ ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿದೆ. ಹೆಚ್ಚಿದ ಕಳಲೆಯನ್ನು ನೀರು ಬದಲಿಸುತ್ತ ಎರಡು–ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿಯೇ ಬಳಸುವ ಪದ್ಧತಿ ಇದಕ್ಕಾಗಿ ಹುಟ್ಟಿದ್ದು.

ಕೊಡಗಿನಲ್ಲಿ ತಿನಿಸೊಂದು ತಿಂಗಳಿಗಲ್ಲ, ದಿನಕ್ಕೇ ಅಂಟಿಕೊಂಡಿದೆ. ಕಕ್ಕಡ ಮಾಸದ 18ನೆಯ ದಿನ, ಸಾಮಾನ್ಯವಾಗಿ ಆಗಸ್ಟ್ 3ರಂದು, ಮದ್ದುಸೊಪ್ಪನ್ನು ಕುದಿಸಿ ತೆಗೆದ ನೇರಳೆ ಬಣ್ಣದ ರಸದಿಂದ ಪಾಯಸ ಮಾಡುತ್ತಾರೆ. ಆ ಹೊತ್ತಿಗೆ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಎಂಬುದು ನಂಬಿಕೆ. ಅದೇ ನಾಡಿನ ಕಾಚಂಪುಳಿಯ ಹಾದಿ ಬೇರೆ. ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿದ ಆ ಹುಳಿ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಸಣ್ಣ ಬಾಟಲಿ ಇದ್ದರೆ ಪಂದಿಕರಿಯ ರುಚಿ ದೆಹಲಿಯಲ್ಲೂ ದುಬೈಯಲ್ಲೂ ಸಾಧ್ಯ.

ಉಪ್ಪಿನಕಾಯಿ ಬಂತು, ಮರ ಹೋಯಿತು

ಬಾಳಿಕೆ ಬರುವ ತಿನಿಸಿಗೂ ಅಪಾಯವಿಲ್ಲವೆಂದಲ್ಲ. ಅಘನಾಶಿನಿ, ಶರಾವತಿ, ವರದಾ ನದಿಗಳ ದಂಡೆ ಮತ್ತು ಹಳ್ಳಗಳ ಬದಿಯಲ್ಲಿ ತಾವಾಗಿ ಬೆಳೆದ ಮಾವಿನ ಮರಗಳ ಪರಿಮಳದ ಮಿಡಿಯೇ ಅಪ್ಪೆಮಿಡಿ. ಅದರ ಪರಿಮಳವಿರುವುದು ಸೊನೆಯಲ್ಲಿ. ಆದ್ದರಿಂದ ಮಿಡಿಯನ್ನು ತೊಟ್ಟಿನ ಸಹಿತ, ನೆಲಕ್ಕೆ ಬೀಳಿಸದೆ ಕೊಯ್ಯಬೇಕು. ಉಪ್ಪಿನಲ್ಲಿ ಸರಿಯಾಗಿ ಕೂತ ಮಿಡಿ ವರ್ಷಗಳ ನಂತರವೂ ಕಚ್ಚಿದರೆ ಗರುಕೆನ್ನುತ್ತದೆ. ಪ್ರತಿ ಮರದ ಮಿಡಿಗೂ ಬೇರೆ ಪರಿಮಳ. ಜನ ಮರಗಳಿಗೇ ಹೆಸರಿಟ್ಟು ಗುರುತಿಸುತ್ತಾರೆ.

ಭೌಗೋಳಿಕ ಗುರುತು ಪಡೆದ ಈ ಮಿಡಿಗೆ ಪೇಟೆ ಹಿಗ್ಗಿದಂತೆ ಬೆಲೆಯೂ ಏರಿತು. ಎತ್ತರದ ಮರ ಹತ್ತಿ ಒಂದೊಂದೇ ಮಿಡಿ ಕೊಯ್ಯುವ ತಾಳ್ಮೆಯಿಲ್ಲದವರು ಕೊಂಬೆಯನ್ನೇ ಕಡಿದದ್ದೂ ಉಂಟು. ಕಡಿದ ಕೊಂಬೆ ಮುಂದಿನ ವರ್ಷ ಮಿಡಿ ಬಿಡದು. ಸಮಾಧಾನದ ಸಂಗತಿಯೆಂದರೆ ಸಾಗರ, ಶಿರಸಿ ಭಾಗದ ಆಸಕ್ತ ಕೃಷಿಕರು ಹೆಸರಾಂತ ಮರಗಳಿಂದ ಕಸಿ ಗಿಡ ಮಾಡಿ ತೋಟಗಳಲ್ಲಿ ಬೆಳೆಸುತ್ತಿದ್ದಾರೆ.

ವರ್ಷವಿಡೀ ಅವರೆ

ರಾಜಧಾನಿಗೆ ಹತ್ತಿರದ ಕೋಲಾರ, ಮಾಗಡಿ, ರಾಮನಗರದವರಿಗೆ ದೂರದ ತೊಂದರೆಯಿಲ್ಲ. ಅವರ ಕೊರತೆ ಬೇರೆ ತೆರನದು. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಗಿಡ. ಮಾಗಿಯ ಇಬ್ಬನಿಯಲ್ಲಿ ಕಾಯಿ ಬಲಿತು, ಸಿಪ್ಪೆಯ ಮೇಲೆ ಕೈಗೆ ಅಂಟುವ ಎಣ್ಣೆಯಂತಹ ಸೊಗಡು ಬರುತ್ತದೆ. ಹಿತಕಿದ ಅವರೆಯ ಸಾರಿಗೆ, ಉಪ್ಪಿಟ್ಟಿಗೆ ಅದರಿಂದಲೇ ಘಮ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ಹಗಲಿನ ಅಳತೆಯ ಹಂಗಿಲ್ಲದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ಹೊರತಂದ ಮೇಲೆ ಅವರೆಕಾಯಿ ಎಲ್ಲ ಕಾಲಕ್ಕೂ ಸಿಗುವಂತಾಯಿತು. ರೈತರಿಗೆ ಅದು ವರವೇ ಸರಿ. ಆದರೆ ಅಕಾಲದ ಕಾಯಿಯಲ್ಲಿ ಮಾಗಿಯ ಸೊಗಡಿಲ್ಲವೆಂಬುದು ತಿನ್ನುವವರ ದೂರು. ಊರು ಬಿಡದೆಯೂ ಊರಿನ ರುಚಿ ಕಳೆದುಕೊಳ್ಳಬಹುದು ಎಂಬುದಕ್ಕೆ ಇದೊಂದು ಸಾಕ್ಷಿ.

ನಾಲಿಗೆ ಕಲಿಯುವ ಪಾಠ

ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ಜಗಿಯುವಾಗ ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ಪರಿಮಳವೇ ಒಂದು ಪದಾರ್ಥವನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಈ ಕಲಿಕೆ ತೀರ ಎಳವೆಯಲ್ಲೇ ಆರಂಭವಾಗುತ್ತದೆ. ಅಮೆರಿಕದ ಜೂಲಿ ಮೆನ್ನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗ ಅಥವಾ ಹಾಲೂಡಿಸುವಾಗ ಗಜ್ಜರಿ ರಸ ಕುಡಿದ ತಾಯಂದಿರ ಶಿಶುಗಳು ಗಜ್ಜರಿಯ ರುಚಿಯಿದ್ದ ಆಹಾರವನ್ನು ಹೆಚ್ಚು ಸುಲಭವಾಗಿ ಒಪ್ಪಿಕೊಂಡವು. ತಾಯಿಯ ಊಟದ ರುಚಿ ಮಗುವಿಗೆ ಮೊದಲೇ ಪರಿಚಯವಾಗಿರುತ್ತದೆ ಎಂದರ್ಥ. ಪುಂಡಿಯ ಹುಳಿ, ಅಪ್ಪೆಯ ಪರಿಮಳಗಳನ್ನು ಬೆಳೆದ ಮೇಲೆ ಮೊದಲ ಸಲ ತಿಂದವರಿಗೂ ಅದರಲ್ಲೇ ಬೆಳೆದವರಿಗೂ ವ್ಯತ್ಯಾಸವಾಗುವುದು ಸಹಜ.

ಕಡಲಾಚೆ ಕೊಂಡೊಯ್ಯುವವರಿಗೆ ಇನ್ನೊಂದು ತಡೆಯಿದೆ. ಅಮೆರಿಕ, ಆಸ್ಟ್ರೇಲಿಯಾ ಮೊದಲಾದ ದೇಶಗಳು ರೋಗ, ಕೀಟಗಳ ಭಯದಿಂದ ಹಸಿ ಎಲೆ, ಹಣ್ಣು, ಬೀಜಗಳನ್ನು ಪ್ರಯಾಣಿಕರು ತರುವುದಕ್ಕೆ ಕಟ್ಟುನಿಟ್ಟಿನ ನಿರ್ಬಂಧ ಹೇರಿವೆ. ತಂದದ್ದನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸುವುದು ಕಡ್ಡಾಯ. ಹೊರಡುವ ಮುನ್ನ ಆಯಾ ದೇಶದ ನಿಯಮ ನೋಡಿಕೊಳ್ಳುವುದು ಲೇಸು.

ತರಿಸಿಕೊಳ್ಳುವವರಿಗೆ ಕೆಲವು ಸೂಚನೆ

* ಜೋಳದ ಹಿಟ್ಟಿಗಿಂತ ಜೋಳ ತರಿಸುವುದು ಒಳಿತು. ಕಾಳು ತಿಂಗಳುಗಟ್ಟಲೆ ಉಳಿಯುತ್ತದೆ. ವಾರ, ಹತ್ತು ದಿನಕ್ಕೆ ಸಾಲುವಷ್ಟು ಮಾತ್ರ ಬೀಸಿಸಿ, ಹಿಟ್ಟನ್ನು ಫ್ರಿಜ್‌ನಲ್ಲಿಡಬೇಕು.

* ಕಡಕ್ ರೊಟ್ಟಿಯನ್ನು ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಮೆತ್ತಗೆ ಬೇಕಾದರೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು.

* ಅಗಸಿ ಚಟ್ನಿಪುಡಿಯ ಎಣ್ಣೆಯಂಶ ಬೇಗ ಮುಗ್ಗುತ್ತದೆ. ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಬೇಕು.

* ಅಪ್ಪೆಮಿಡಿ ಸದಾ ಉಪ್ಪುರಸದಲ್ಲಿ ಮುಳುಗಿರಬೇಕು. ಒದ್ದೆ ಚಮಚ ತಾಗಬಾರದು.

* ಮಾಗಿಯ ಅವರೆಕಾಳನ್ನು ಹಿತಕಿ ಫ್ರೀಜರ್‌ನಲ್ಲಿಟ್ಟರೆ ಕೆಲವು ತಿಂಗಳು ಬಳಸಬಹುದು.

* ಹಸಿ ಕಳಲೆ ತಂದವರು ನೆನೆಸಿದ ಮತ್ತು ಬೇಯಿಸಿದ ನೀರನ್ನು ಚೆಲ್ಲಲೇಬೇಕು.

ಹಂಬಲದ ಆಯುಷ್ಯ

ಊರಿನ ತಿನಿಸಿನ ಹಂಬಲ ಸಾಮಾನ್ಯವಾಗಿ ಒಂದು ತಲೆಮಾರಿನದು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಮಕ್ಕಳು ಕಡಕ್ ರೊಟ್ಟಿಯನ್ನು ಮೆಚ್ಚಬಹುದು. ಸೀತನಿಯನ್ನು ನೆನೆಯಲಾರರು, ಏಕೆಂದರೆ ಅವರು ಅದನ್ನು ತಿಂದಿಲ್ಲ. ಊರಿನಲ್ಲೇ ಉಳಿದ ಮನೆಗಳಲ್ಲಿಯೂ ರೊಟ್ಟಿ ಬಡಿಯುವ ಕೈಗಳಿಗೆ ವಯಸ್ಸಾಗುತ್ತಿದೆ. ಎಳೆಯರು ಓದಿಗೆ, ದುಡಿಮೆಗೆ ಹೊರಟಿದ್ದಾರೆ. ಕೇಳುವವರಿಲ್ಲದ ತಳಿಯನ್ನು ರೈತ ಬಿತ್ತುವುದಿಲ್ಲ, ತಿನ್ನುವವರಿಲ್ಲದ ಅಡುಗೆಯನ್ನು ಯಾರೂ ಮಾಡುವುದಿಲ್ಲ.

ಈ ದೃಷ್ಟಿಯಿಂದ ಊರು ಬಿಟ್ಟವರ ಗೊಣಗಾಟಕ್ಕೂ ಬೆಲೆಯಿದೆ. ಯಾವ ರುಚಿ ಇತ್ತು, ಅದು ಯಾವ ತಿಂಗಳಲ್ಲಿ, ಯಾವ ಗಿಡದಿಂದ ಬರುತ್ತಿತ್ತು ಎಂದು ಹೇಳಬಲ್ಲವರು ಅವರು. ಮುಂದಿನ ಸಲ ಊರಿಗೆ ಹೋದಾಗ ಅಂಗಡಿಯ ಪೊಟ್ಟಣಗಳೊಡನೆ ಎರಡು ಕೆಲಸ ಮಾಡಿ ಬರಲು ಸಾಧ್ಯ. ಮನೆಯ ಹಿರಿಯರಿಂದ ಅಳತೆ, ಹದಗಳನ್ನು ಕೇಳಿ ಬರೆದುಕೊಳ್ಳುವುದು ಒಂದು. ಹಿಂಗಾರಿ ಜೋಳವನ್ನೋ ನಾಟಿ ಅವರೆಯನ್ನೋ ಇಂದಿಗೂ ಬೆಳೆಯುವ ರೈತರಿಂದ ವರ್ಷಕ್ಕಾಗುವಷ್ಟು ನೇರವಾಗಿ ಕೊಳ್ಳುವುದು ಇನ್ನೊಂದು. ಮಕ್ಕಳನ್ನು ರಜೆಯಲ್ಲಿ ಮಾತ್ರವಲ್ಲದೆ ಎಳ್ಳ ಅಮಾವಾಸ್ಯೆಗೋ ಕಕ್ಕಡದ ಹದಿನೆಂಟಕ್ಕೋ ಒಮ್ಮೆ ಕರೆದೊಯ್ದರೆ, ಆ ರುಚಿಯನ್ನು ಬಲ್ಲವರ ಸಾಲಿಗೆ ಇನ್ನೊಂದು ತಲೆಮಾರು ಸೇರಿಕೊಳ್ಳುತ್ತದೆ.